ಹಾಸಿಗೆಯಿಂದ ಹೆಜ್ಜೆಯ ಕಡೆಗೆ: ಕಾಲಿನ ಹೆಪ್ಪು ಮತ್ತು ಚೇತರಿಕೆಯ ಚರಿತ್ರೆ

ಹೊಟ್ಟೆಯ ಶಸ್ತ್ರಕ್ರಿಯೆಯಾದ ಮರುದಿನವೇ ದಾದಿ ಬಂದು ‘ಏಳಿ, ನಾಲ್ಕು ಹೆಜ್ಜೆ ನಡೆಯಿರಿ’ ಎಂದರೆ ನಿಮಗೆ ಸಿಟ್ಟು ಬಂದೀತು. ಹೊಲಿಗೆ ಇನ್ನೂ ಹಸಿ, ನೋವು ಇಳಿದಿಲ್ಲ, ಕೈಗೆ ಗ್ಲೂಕೋಸಿನ ಕೊಳವೆ ಬೇರೆ. ನೋಡಲು ಬಂದ ಮನೆಯ ಹಿರಿಯರು ‘ನಮ್ಮ ಕಾಲದಲ್ಲಿ ಹದಿನೈದು ದಿನ ಮಿಸುಕಾಡಲೂ ಬಿಡುತ್ತಿರಲಿಲ್ಲ’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಂಡವಾಯುವಿನ ಶಸ್ತ್ರಕ್ರಿಯೆಗೂ ಎರಡು ಮೂರು ವಾರಗಳ ಹಾಸಿಗೆವಾಸ ಸಾಮಾನ್ಯ ನಿಯಮವಾಗಿತ್ತು. ಗಾಯ ಮಾಯುತ್ತಿತ್ತು, ಜ್ವರ ಇಳಿಯುತ್ತಿತ್ತು, ರೋಗಿ ಊಟ ಮಾಡುತ್ತಿದ್ದ. ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ, ಎಂಟನೆಯದೋ ಹತ್ತನೆಯದೋ ದಿನ, ಶೌಚಕ್ಕೆಂದು ಮೊದಲ ಬಾರಿ ಎದ್ದು ನಿಂತವನು ಎದೆ ಹಿಡಿದುಕೊಂಡು ಕುಸಿಯುತ್ತಿದ್ದ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತಿತ್ತು. ಶಸ್ತ್ರವೈದ್ಯರು ತಮ್ಮ ಕೈಕೆಲಸದಲ್ಲಿ ತಪ್ಪು ಹುಡುಕುತ್ತಿದ್ದರು. ಆದರೆ ಸಾವು ಹೊರಟಿದ್ದು ಶಸ್ತ್ರಕ್ರಿಯೆ ನಡೆದ ಜಾಗದಿಂದಲ್ಲ, ಅವರು ಮುಟ್ಟಿಯೇ ಇರದ ಕಾಲಿನಿಂದ.

ಇದು ಹೇಗೆಂದು ತಿಳಿಯಲು ಕಾಲಿನ ರಕ್ತಪರಿಚಲನೆಯನ್ನು ಸ್ವಲ್ಪ ಗಮನಿಸಬೇಕು. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ, ಸರಿ. ಆದರೆ ಅದನ್ನು ಗುರುತ್ವಕ್ಕೆ ಎದುರಾಗಿ ಮೇಲಕ್ಕೆ ತರುವವರು ಯಾರು? ನಿಮ್ಮ ಮೀನಖಂಡದ ಸ್ನಾಯುಗಳು. ನೀವು ಹೆಜ್ಜೆ ಇಟ್ಟಾಗಲೆಲ್ಲ ಅವು ಸಂಕುಚಿಸಿ, ತಮ್ಮ ನಡುವೆ ಹಾಯುವ ಆಳದ ಅಭಿಧಮನಿಗಳನ್ನು ಹಿಂಡುತ್ತವೆ. ಹಿಂಡಿದ ರಕ್ತ ಕೆಳಗೆ ಜಾರದಂತೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಈ ಕವಾಟಗಳನ್ನು ಪಡುವಾದ ಫ್ಯಾಬ್ರೀಸಿಯಸ್ 1603ರಲ್ಲಿ ಚಿತ್ರಸಮೇತ ವರ್ಣಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಅವುಗಳ ನಿಜವಾದ ಕೆಲಸವನ್ನು ತಿಳಿಸಿದ. ನಡಿಗೆ ನಿಂತರೆ ಪಂಪು ನಿಂತಂತೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವ ಹಾಗೆ ನಿಧಾನಗೊಂಡ ರಕ್ತ ಕವಾಟಗಳ ಸಂದಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಅದರ ತುಣುಕು ಕಳಚಿಕೊಂಡರೆ ತೊಡೆ, ಹೊಟ್ಟೆಯ ದೊಡ್ಡ ಅಭಿಧಮನಿಗಳ ಮೂಲಕ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಳಚದೆ ಅಲ್ಲೇ ಉಳಿದರೂ ಕಾಲಿಗೆ ಸುಖವಿಲ್ಲ. ಹೆಪ್ಪು ಕರಗುವ ಹೊತ್ತಿಗೆ ಕವಾಟಗಳು ಹಾಳಾಗಿರುತ್ತವೆ. ಮುಂದೆ ವರ್ಷಗಟ್ಟಲೆ ಊತ, ಕಪ್ಪಾಗುವ ಚರ್ಮ, ಹರಡಿನ ಬಳಿ ಮಾಯದ ಹುಣ್ಣು.

ಹಾಲು ಇಳಿದ ಕಾಲು

ಕನ್ನಡದಲ್ಲಿ ನಾವು ಹಾಲಿಗೂ ರಕ್ತಕ್ಕೂ ‘ಹೆಪ್ಪು’ ಎಂಬ ಒಂದೇ ಪದ ಬಳಸುತ್ತೇವೆ. ಸೋಜಿಗವೆಂದರೆ ಯೂರೋಪಿನ ವೈದ್ಯರು ಒಂದು ಕಾಲದಲ್ಲಿ ಈ ಕಾಯಿಲೆಯನ್ನು ನಿಜವಾಗಿಯೂ ಹಾಲಿನ ಕಾಯಿಲೆ ಎಂದೇ ನಂಬಿದ್ದರು. ಹೆರಿಗೆಯಾದ ಒಂದೆರಡು ವಾರಗಳಲ್ಲಿ ಕೆಲವು ಬಾಣಂತಿಯರ ಒಂದು ಕಾಲು, ಹೆಚ್ಚಾಗಿ ಎಡಗಾಲು, ಬೆಳ್ಳಗೆ ಊದಿ ಬಿಗಿದು ನೋಯುತ್ತಿತ್ತು. ಮೊಲೆಗೆ ಹೋಗಬೇಕಾದ ಹಾಲು ದಾರಿ ತಪ್ಪಿ ಕಾಲಿಗೆ ಇಳಿದಿದೆ ಎಂಬುದು ವಿವರಣೆ. ಹಾಗಾಗಿ ಮಗುವಿಗೆ ಚೆನ್ನಾಗಿ ಹಾಲೂಡಿಸಿ ಎಂಬುದೇ ಪರಿಹಾರ. ಈ ಸಲಹೆಯಿಂದ ಕಾಲಿಗೆ ಏನೂ ಆಗಲಿಲ್ಲ, ಶಿಶುಗಳಿಗೆ ಒಳ್ಳೆಯದಾಯಿತು! ಲಂಡನ್ನಿನ ಪ್ರಸೂತಿ ವೈದ್ಯ ಡೇವಿಡ್ ಡೇವಿಸ್ 1823ರ ವೇಳೆಗೆ ಇಂಥ ರೋಗದಿಂದ ಸತ್ತವರ ದೇಹ ಪರೀಕ್ಷಿಸಿ, ಕಾಲಿನಲ್ಲಿ ಹಾಲಿಲ್ಲ, ಅಭಿಧಮನಿಗಳೊಳಗೆ ಹೆಪ್ಪುಗಟ್ಟಿದ ರಕ್ತವಿದೆ ಎಂದು ತೋರಿಸಿದ.

ಬಾಣಂತನದ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮಲ್ಲಿ ಬಾಣಂತಿಯನ್ನು ಕತ್ತಲೆ ಕೋಣೆಯ ಮಂಚದಲ್ಲಿ ಕೂರಿಸಿ, ಕುಡಿಯುವ ನೀರನ್ನೂ ಅಳೆದು ಕೊಡುವ ಪದ್ಧತಿ ಹಲವು ಮನೆಗಳಲ್ಲಿ ಇತ್ತು, ಪೂರ್ತಿ ಹೋಗಿದೆ ಎನ್ನಲಾಗದು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ನೀರಿನ ಕೊರತೆ ಮತ್ತು ನಿಶ್ಚಲತೆ ಸೇರಿದರೆ ಅಪಾಯ ಹೆಚ್ಚುತ್ತದೆ. ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಗಳೇ ಹೆಪ್ಪುಗಟ್ಟುವ ಪ್ರಕರಣಗಳ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳ ಕಾಲ ಬರೆದಿದ್ದಾರೆ.

ಕಾಲಿನ ಹೆಪ್ಪಿಗೂ ಶ್ವಾಸಕೋಶದ ಹೆಪ್ಪಿಗೂ ನಂಟು ಕಲ್ಪಿಸಿದವನು ಬರ್ಲಿನ್ನಿನ ರುಡಾಲ್ಫ್ ವಿರ್ಶೋ. 1840ರ ದಶಕದಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಶವಪರೀಕ್ಷೆಗಳಲ್ಲಿ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕ ಹೆಪ್ಪಿನ ತುಣುಕು ಅಲ್ಲೇ ಹುಟ್ಟಿದ್ದಲ್ಲ, ಬೇರೆಡೆಯಿಂದ ಬಂದದ್ದು ಎಂದು ಅವನು ವಾದಿಸಿದ. ಆ ಕಾಲದ ದೊಡ್ಡವರು ಒಪ್ಪಲಿಲ್ಲ. ಆಗ ಅವನು ನಾಯಿಗಳ ಕತ್ತಿನ ಅಭಿಧಮನಿಯೊಳಗೆ ರಬ್ಬರು ಮುಂತಾದವುಗಳ ಚೂರುಗಳನ್ನು ಸೇರಿಸಿ, ಅವು ಶ್ವಾಸಕೋಶದಲ್ಲಿ ಸಿಗುವುದನ್ನು ತೋರಿಸಿದ. ‘ಥ್ರಾಂಬೋಸಿಸ್’, ‘ಎಂಬಾಲಿಸಂ’ ಎಂಬ ಇಂದಿನ ಪಾರಿಭಾಷಿಕ ಪದಗಳು ನೆಲೆಗೊಂಡದ್ದು ಅವನ ಬರಹಗಳಿಂದ. ರಕ್ತದ ಹರಿವು ತಗ್ಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು ಎಂಬ ಮೂರು ಕಾರಣಗಳನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ವಿರ್ಶೋನ ಹೆಸರಿನಲ್ಲಿ ಬಾಯಿಪಾಠ ಮಾಡುತ್ತಾರೆ. ಅವನು ಅವನ್ನು ಈ ರೂಪದಲ್ಲಿ ಎಲ್ಲಿಯೂ ಪಟ್ಟಿ ಮಾಡಿರಲಿಲ್ಲ, ಅದು ನಂತರದವರು ಅವನಿಗೆ ಕೊಟ್ಟ ಗೌರವ!

ಚಾಕುವಿನ ಕಾಲ

ಹೆಪ್ಪು ಎಲ್ಲಿದೆಯೆಂದು ಗೊತ್ತಾದ ಮೇಲೆ ಅದನ್ನು ಕಿತ್ತೊಗೆಯಬೇಕೆಂದು ಶಸ್ತ್ರವೈದ್ಯರಿಗೆ ಅನ್ನಿಸದಿರುತ್ತದೆಯೇ? ಲೈಪ್‌ಜಿಗ್‌ನ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1908ರಲ್ಲಿ, ಕುಸಿದುಬಿದ್ದ ರೋಗಿಯ ಎದೆ ತೆರೆದು ಶ್ವಾಸಕೋಶದ ಅಪಧಮನಿಯಿಂದ ಹೆಪ್ಪನ್ನು ಎಳೆದು ತೆಗೆಯುವ ಸಾಹಸಕ್ಕೆ ಕೈಹಾಕಿದರು. ರಕ್ತದ ಹರಿವನ್ನು ತಡೆದು ಹಿಡಿಯಲು ಸಿಗುವುದು ಕೆಲವೇ ಕ್ಷಣಗಳು. ಅವರ ರೋಗಿಗಳಲ್ಲಿ ಹೆಚ್ಚೆಂದರೆ ಒಬ್ಬರು 37 ಗಂಟೆ ಬದುಕಿದರು. 1924ರ ಮಾರ್ಚ್ 18ರಂದು ಅವರ ಶಿಷ್ಯ ಮಾರ್ಟಿನ್ ಕಿರ್ಷ್‌ನರ್, ಅಂದಿನ ಜರ್ಮನಿಯ ಕೋನಿಗ್ಸ್‌ಬರ್ಗ್ ನಗರದಲ್ಲಿ, ಅಂಡವಾಯುವಿನ ಶಸ್ತ್ರಕ್ರಿಯೆಯ ನಂತರ ಹೀಗೆ ಕುಸಿದ 38 ವರ್ಷದ ಮಹಿಳೆಯೊಬ್ಬರನ್ನು ಉಳಿಸಿದರು. ಆಕೆ ಗುಣಮುಖಳಾಗಿ ಮನೆಗೆ ಹೋದಳು. ವೃದ್ಧ ಗುರು ಅದನ್ನು ಕೇಳುವವರೆಗೆ ಬದುಕಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಇಂಥದೇ ಇನ್ನೊಂದು ಶಸ್ತ್ರಕ್ರಿಯೆ ಸೋತದ್ದರಿಂದ ವೈದ್ಯಶಾಸ್ತ್ರಕ್ಕೆ ದೊಡ್ಡದೊಂದು ಸಾಧನ ದಕ್ಕಿತು. 1930ರ ದಶಕದ ಆರಂಭದಲ್ಲಿ ಬಾಸ್ಟನ್ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಯಾದ ಮಹಿಳೆಯ ಶ್ವಾಸಕೋಶಕ್ಕೆ ಹೆಪ್ಪು ನುಗ್ಗಿತು. ತರುಣ ವೈದ್ಯ ಜಾನ್ ಗಿಬ್ಬನ್ ಇಡೀ ರಾತ್ರಿ ಆಕೆಯ ನಾಡಿ ಹಿಡಿದು ಕುಳಿತಿದ್ದರು. ಬೆಳಗ್ಗೆ ಅವರ ಹಿರಿಯರು ಏಳು ನಿಮಿಷಗಳೊಳಗೆ ಎದೆ ತೆರೆದು ಹೆಪ್ಪು ತೆಗೆದರೂ ಆಕೆ ಉಳಿಯಲಿಲ್ಲ. ಕಪ್ಪಗಾಗುತ್ತಿದ್ದ ಆ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ತುಂಬಿ, ಮತ್ತೆ ಒಳಗೆ ಬಿಡುವ ಯಂತ್ರವೊಂದು ಇದ್ದಿದ್ದರೆ? ಗಿಬ್ಬನ್ ಈ ಪ್ರಶ್ನೆಗೆ ಇಪ್ಪತ್ತು ವರ್ಷಗಳನ್ನು ಕೊಟ್ಟರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಅವರ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತರುಣಿಯೊಬ್ಬಳ ಹೃದಯದ ರಂಧ್ರ ಮುಚ್ಚಲಾಯಿತು. ಇಂದು ನಮ್ಮ ಊರುಗಳಲ್ಲಿ ನಡೆಯುವ ತೆರೆದ ಹೃದಯದ ಶಸ್ತ್ರಕ್ರಿಯೆಗಳ ಮೂಲದಲ್ಲಿ ಕಾಲಿನಿಂದ ಹೊರಟ ಒಂದು ಹೆಪ್ಪು ಇದೆ.

ಶ್ವಾಸಕೋಶಕ್ಕೆ ಬಂದ ಮೇಲೆ ಹಿಡಿಯುವುದಕ್ಕಿಂತ ಕಾಲಿನಲ್ಲೇ ಹಿಡಿದರೆ ಹೇಗೆ? ಬಾಸ್ಟನ್ನಿನ ಜಾನ್ ಹೋಮನ್ಸ್ 1934ರಲ್ಲಿ ತೊಡೆಯ ಅಭಿಧಮನಿಯನ್ನೇ ದಾರದಿಂದ ಕಟ್ಟಿಬಿಡಬಹುದು ಎಂದರು. ಹೆಪ್ಪು ಮೇಲೇರದು ನಿಜ, ಕಾಲು ಮಾತ್ರ ಊದಿಕೊಂಡೇ ಉಳಿಯುತ್ತದೆ. ಅದೇ ದಶಕದ ಕೊನೆಯಲ್ಲಿ ಜರ್ಮನಿಯ ಆರ್ಥರ್ ಲೇವನ್ ಅಭಿಧಮನಿಯನ್ನು ಸೀಳಿ ಹೆಪ್ಪನ್ನು ಹೊರತೆಗೆದು ಮತ್ತೆ ಹೊಲಿದರು. ಕೆಲಸ ಸುಲಭವಾದದ್ದು 1960ರ ದಶಕದಲ್ಲಿ. ಅಮೆರಿಕದ ಥಾಮಸ್ ಫೋಗರ್ಟಿ ತೆಳು ಕೊಳವೆಯ ತುದಿಗೆ ರಬ್ಬರು ಕೈಚೀಲದ ಬೆರಳ ತುದಿಯನ್ನು ಕತ್ತರಿಸಿ, ಮೀನಿನ ಗಾಳಕ್ಕೆ ಹುಸಿ ನೊಣ ಕಟ್ಟುವ ಕೌಶಲದಿಂದ ಬಿಗಿದು, ಒಂದು ಪುಟ್ಟ ಬಲೂನು ಮಾಡಿದರು. ಕೊಳವೆಯನ್ನು ಹೆಪ್ಪಿನಾಚೆ ತೂರಿಸಿ, ಬಲೂನು ಊದಿಸಿ, ಹಿಂದಕ್ಕೆ ಎಳೆದರೆ ಹೆಪ್ಪು ಅದರ ಜೊತೆಗೇ ಬರುತ್ತದೆ. ಮೊದಲು ಅಪಧಮನಿಗಳಿಗೆಂದು 1963ರಲ್ಲಿ ಪ್ರಕಟವಾದ ಈ ಉಪಾಯ ಬೇಗನೆ ಅಭಿಧಮನಿಗಳಿಗೂ ಬಂತು.

ಅಮೆರಿಕದಲ್ಲಿ ಆಗ ಉತ್ಸಾಹವೋ ಉತ್ಸಾಹ. ಹ್ಯಾಲರ್ ಮತ್ತು ಏಬ್ರಮ್ಸ್ ಎಂಬ ಶಸ್ತ್ರವೈದ್ಯರು 1963ರಲ್ಲಿ, ಬೇಗ ಬಂದ ರೋಗಿಗಳಲ್ಲಿ ಬಹುಪಾಲು ಮಂದಿಯ ಕಾಲು ಸಹಜ ಸ್ಥಿತಿಗೆ ಮರಳಿದೆ ಎಂದು ವರದಿ ಮಾಡಿದರು. ಆದರೆ ಚೇತರಿಕೆ ಎಂದರೆ ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಸ್ಥಿತಿಯೇ? ಲ್ಯಾನ್ಸಿಂಗ್ ಮತ್ತು ಡೇವಿಸ್ ಅದೇ ರೋಗಿಗಳನ್ನು ಐದು ವರ್ಷಗಳ ನಂತರ ಹುಡುಕಿಕೊಂಡು ಹೋಗಿ 1968ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಸಿಕ್ಕವರಲ್ಲಿ ಬಹುತೇಕ ಎಲ್ಲರ ಕಾಲೂ ಊದಿತ್ತು. ಸಿಕ್ಕವರು ಮೂಲ ಗುಂಪಿನ ಅರ್ಧದಷ್ಟು ಮಾತ್ರ ಎಂಬ ಕೊರತೆಯನ್ನು ಆಮೇಲೆ ಹಲವರು ಎತ್ತಿ ತೋರಿಸಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು, ಅಮೆರಿಕದ ಶಸ್ತ್ರವೈದ್ಯರು ಈ ಕ್ರಮವನ್ನು ಹೆಚ್ಚುಕಡಿಮೆ ಕೈಬಿಟ್ಟರು. ಒಂದು ಚಿಕ್ಕ ವರದಿಯ ಮೇಲೆ ಇಷ್ಟು ದೊಡ್ಡ ತೀರ್ಮಾನ ಅತಿಯಾಯಿತು ಎಂದೇ ನನಗೆ ತೋರುತ್ತದೆ. ಆದರೆ ಅದು ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದೇ.

ಹೆಪ್ಪು ತೆಗೆದರೂ ಮತ್ತೆ ಕಟ್ಟುತ್ತಿದ್ದುದೇಕೆ? ಒಂದು ಕಾರಣ ಆಸ್ಟ್ರಿಯಾದ ಮೇ ಮತ್ತು ಥರ್ನರ್ 1957ರಲ್ಲೇ ತೋರಿಸಿದ್ದು. ಕಿಬ್ಬೊಟ್ಟೆಯಲ್ಲಿ ಎಡಗಾಲಿನ ಅಭಿಧಮನಿಯ ಮೇಲೆ ಬಲಗಾಲಿನ ಅಪಧಮನಿ ಅಡ್ಡ ಹಾಯುತ್ತದೆ. ಅದರ ನಿರಂತರ ಮಿಡಿತ ಕೆಳಗಿನ ನಾಳವನ್ನು ಬೆನ್ನುಮೂಳೆಗೆ ಒತ್ತಿ, ಒಳಗೆ ತಡಿಕೆಯಂಥ ಪೊರೆ ಬೆಳೆಯುವಂತೆ ಮಾಡುತ್ತದೆ. ಬಾಣಂತಿಯರ ಎಡಗಾಲೇ ಏಕೆ ಹೆಚ್ಚು ಊದುತ್ತಿತ್ತು ಎಂಬ ಹಳೆಯ ಒಗಟಿಗೆ ಇಲ್ಲಿ ಉತ್ತರವಿತ್ತು. ಹೆಪ್ಪು ತೆಗೆದು ಈ ಅಡ್ಡಿಯನ್ನು ಹಾಗೇ ಬಿಟ್ಟರೆ ಗಟಾರದ ಕಸ ತೆಗೆದು ಬಾಯಿಯ ಕಲ್ಲನ್ನು ಬಿಟ್ಟಂತೆ. ಸ್ವೀಡನ್ನಿನವರು ಬೇರೊಂದು ದಾರಿ ಹಿಡಿದರು. ಹೆಪ್ಪು ತೆಗೆದ ಮೇಲೆ ತೊಡೆಸಂದಿಯಲ್ಲಿ ಅಪಧಮನಿಯಿಂದ ಅಭಿಧಮನಿಗೆ ತಾತ್ಕಾಲಿಕ ಕಾಲುವೆಯೊಂದನ್ನು ಜೋಡಿಸಿ, ರಕ್ತ ಬಿರುಸಾಗಿ ಹರಿಯುವಂತೆ ಮಾಡಿ, ಕೆಲವು ವಾರಗಳ ನಂತರ ಅದನ್ನು ಮುಚ್ಚಿದರು. 1984ರಿಂದ ಪ್ರಕಟವಾದ ಅವರ ಅಧ್ಯಯನದಲ್ಲಿ ರೋಗಿಗಳನ್ನು 5, ನಂತರ 10 ವರ್ಷ ಹಿಂಬಾಲಿಸಲಾಯಿತು. ಕೇವಲ ಔಷಧಿ ಪಡೆದವರಿಗಿಂತ ಇವರ ಕಾಲು ತುಸು ಉತ್ತಮವಾಗಿತ್ತು, ಅದ್ಭುತವೇನೂ ಅಲ್ಲ.

ಕೊಳೆತ ಮೇವು, ತಿಳಿಯಾದ ರಕ್ತ

ಚಾಕು ಅತ್ತ ತಡಕಾಡುತ್ತಿದ್ದಾಗ ಔಷಧಿಗಳು ಇತ್ತ ಆಕಸ್ಮಿಕವಾಗಿ ಬಂದವು. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ನಾಯಿಯ ಯಕೃತ್ತಿನಿಂದ ತೆಗೆದ ಸಾರ ಅದಕ್ಕೆ ತದ್ವಿರುದ್ಧ ಕೆಲಸ ಮಾಡಿತು. ಅವನ ಪ್ರಾಧ್ಯಾಪಕ ವಿಲಿಯಂ ಹೋವೆಲ್ 1918ರಲ್ಲಿ ಇಂಥ ವಸ್ತುವಿಗೆ ‘ಹೆಪಾರಿನ್’ ಎಂಬ ಹೆಸರು ಕೊಟ್ಟ. (ನಮ್ಮ ಹೆಪ್ಪಿಗೂ ಅದಕ್ಕೂ ನಂಟಿಲ್ಲ, ಗ್ರೀಕಿನಲ್ಲಿ ‘ಹೆಪರ್’ ಎಂದರೆ ಯಕೃತ್ತು.) ಮನುಷ್ಯರಿಗೆ ಕೊಡುವಷ್ಟು ಶುದ್ಧವಾಗಿ ಅದು ಸಿಕ್ಕಿದ್ದು 1930ರ ದಶಕದಲ್ಲಿ, ಟೊರಾಂಟೊ ಮತ್ತು ಸ್ಟಾಕ್‌ಹೋಮ್‌ಗಳಲ್ಲಿ. ಸ್ವೀಡನ್ನಿನ ಮರಿಯಸ್ಟಾಡ್ ಎಂಬ ಪುಟ್ಟ ಊರಿನ ಶಸ್ತ್ರವೈದ್ಯ ಗುನ್ನಾರ್ ಬವರ್, ಎಕ್ಸ್‌ರೇಯಲ್ಲಿ ಕಾಣುವ ದ್ರಾವಣವನ್ನು ಅಭಿಧಮನಿಗೆ ತೂರಿಸಿ, ಹೆಪ್ಪು ಮೀನಖಂಡದಲ್ಲಿ ಸಣ್ಣದಾಗಿರುವಾಗಲೇ ಪತ್ತೆ ಮಾಡಿ ಹೆಪಾರಿನ್ ಕೊಡತೊಡಗಿದರು. ಜೊತೆಗೆ ರೋಗಿಗಳನ್ನು ಬೇಗ ಎಬ್ಬಿಸಿದರು. ಅವರ ರೋಗಿಗಳ ಹಾಸಿಗೆವಾಸ ಸರಾಸರಿ 40 ದಿನಗಳಿಂದ 5ಕ್ಕೂ ಕೆಳಗಿಳಿಯಿತು, ಸಾವುಗಳು ತೀವ್ರವಾಗಿ ಕಡಿಮೆಯಾದವು.

ಇನ್ನೊಂದು ಔಷಧಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದವು. ಬೂಸ್ಟು ಹಿಡಿದ ಕ್ಲೋವರ್ ಮೇವೇ ಕಾರಣವೆಂದು ಪಶುವೈದ್ಯರು ಹೇಳಿದರು. ಆದರೆ ಬೇರೆ ಮೇವು ಕೊಳ್ಳಲು ರೈತರಲ್ಲಿ ದುಡ್ಡಿರಲಿಲ್ಲ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಹಿಮಗಾಳಿಯಲ್ಲಿ ಸುಮಾರು 300 ಕಿ.ಮೀ. ದಾರಿ ಸವೆಸಿ, ಸತ್ತ ಪಡ್ಡೆ ಹಸು, ಹೊರೆ ಮೇವು ಮತ್ತು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನು ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯಕ್ಕೆ ತಂದ. ಅಂದು ಬಾಗಿಲು ತೆರೆದಿದ್ದ ಪ್ರಯೋಗಾಲಯ ಕಾರ್ಲ್ ಪಾಲ್ ಲಿಂಕ್ ಅವರದು. ಆ ಕ್ಯಾನಿನ ಬೆನ್ನು ಹತ್ತಿದ ಅವರ ತಂಡ ಕೆಲವೇ ವರ್ಷಗಳಲ್ಲಿ ಡೈಕೂಮರಾಲನ್ನು ಬೇರ್ಪಡಿಸಿತು. ಅದರ ಬಂಧು ‘ವಾರ್ಫರಿನ್’ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಯಿತು! 1960ರಲ್ಲಿ ಬ್ರಿಸ್ಟಲ್‌ನ ಬ್ಯಾರಿಟ್ ಮತ್ತು ಜೋರ್ಡನ್, ಶ್ವಾಸಕೋಶದ ಹೆಪ್ಪಿನ 35 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಔಷಧಿ ಪಡೆಯದ 19 ಮಂದಿಯಲ್ಲಿ 5 ಮಂದಿ ಹೆಪ್ಪಿನಿಂದಲೇ ಸತ್ತರು, ಪಡೆದ 16 ಮಂದಿಯಲ್ಲಿ ಒಬ್ಬರೂ ಹಾಗೆ ಸಾಯಲಿಲ್ಲ. ಮುಂದುವರಿಸುವುದು ಅನ್ಯಾಯವೆಂದು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲಾಯಿತು.

ಎದ್ದೇಳಿ ಎಂದವರು

ಶಸ್ತ್ರಕ್ರಿಯೆಯಾದ ರೋಗಿಯನ್ನು ಬೇಗ ಎಬ್ಬಿಸಿ ಎಂದು ಷಿಕಾಗೋದ ಎಮಿಲ್ ರೀಸ್ 1899ರಲ್ಲೇ ಹೇಳಿದ್ದರು, ಯಾರೂ ಕಿವಿಗೊಡಲಿಲ್ಲ. ಹೊಲಿಗೆ ಬಿಚ್ಚಿಕೊಂಡೀತೆಂಬ ಭಯ ಅಷ್ಟು ಗಟ್ಟಿಯಾಗಿತ್ತು. 1941ರಲ್ಲಿ ಡೆಟ್ರಾಯಿಟ್‌ನ ಡೇನಿಯಲ್ ಲೈಟ್‌ಹೌಸರ್ ಅದನ್ನೇ ಮತ್ತೆ ಹೇಳಿದಾಗ ಕಾಲ ಬದಲಾಗಿತ್ತು. ಯುದ್ಧ ನಡೆಯುತ್ತಿತ್ತು, ಆಸ್ಪತ್ರೆಯ ಹಾಸಿಗೆಗಳು ಸಾಲುತ್ತಿರಲಿಲ್ಲ. ವಾದಕ್ಕೆ ಒಪ್ಪದವರು ಅನಿವಾರ್ಯತೆಗೆ ಒಪ್ಪಿದರು. ಹೊಲಿಗೆಗಳೇನೂ ಬಿಚ್ಚಿಕೊಳ್ಳಲಿಲ್ಲ.

ಕೂತಲ್ಲೇ ಕೂರುವುದೂ ಮಲಗಿದಷ್ಟೇ ಕೆಟ್ಟದ್ದೆಂದು ತಿಳಿದದ್ದೂ ಯುದ್ಧದಿಂದಲೇ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ನೆಲದಡಿಯ ಆಸರೆಗಳಲ್ಲಿ, ಮಡಿಸುವ ಕ್ಯಾನ್ವಾಸ್ ಕುರ್ಚಿಗಳಲ್ಲಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಅವರಲ್ಲಿ ಶ್ವಾಸಕೋಶದ ಹೆಪ್ಪಿನ ಹಠಾತ್ ಸಾವುಗಳು ಹೆಚ್ಚಿದ್ದನ್ನು ರೋಗವಿಜ್ಞಾನಿ ಕೀತ್ ಸಿಂಪ್ಸನ್ ಗಮನಿಸಿದರು. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಅಡಿಯ ನಾಳಗಳನ್ನು ಅದುಮುತ್ತಿತ್ತು. ಮಲಗಲು ಅಟ್ಟಣಿಗೆಗಳನ್ನು ಹಾಕಿಸಿ ಎಂದು ಅವರು ಬರೆದರು. ದೀರ್ಘ ವಿಮಾನಪ್ರಯಾಣದಲ್ಲಿ ಆಗಾಗ ಎದ್ದು ಓಡಾಡಿ ಎಂಬ ಇಂದಿನ ಸಲಹೆ ಈ ಕುರ್ಚಿಗಳ ಮೊಮ್ಮಗು. 1947ರಲ್ಲಿ ರಿಚರ್ಡ್ ಆಶರ್ ಎಂಬ ಲಂಡನ್ ವೈದ್ಯ ‘ಹಾಸಿಗೆ ಹಿಡಿಯುವುದರ ಅಪಾಯಗಳು’ ಎಂಬ ಅರ್ಥದ ಶೀರ್ಷಿಕೆ ಕೊಟ್ಟು, ಮಲಗಿದ ದೇಹದ ಒಂದೊಂದು ಅಂಗಕ್ಕೂ ಆಗುವ ಕೇಡನ್ನು ಚುಚ್ಚುಮಾತಿನಲ್ಲಿ ಬರೆದರು.

ಬೇಗ ಎಬ್ಬಿಸಿದರಷ್ಟೇ ಸಾಕೆ? ಸಾಲದೆಂದು ತೋರಿಸಿದವರಲ್ಲಿ ಪ್ರಮುಖರು ಭಾರತ ಮೂಲದ ಶಸ್ತ್ರವೈದ್ಯ ವಿಜಯ್ ಕಾಕರ್. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಅವರು ರೋಗಿಗಳಿಗೆ ವಿಕಿರಣಶೀಲ ಅಯೋಡಿನ್ ಬೆರೆಸಿದ ಫೈಬ್ರಿನೋಜನ್ ಕೊಟ್ಟು, ಕಾಲಿನುದ್ದಕ್ಕೂ ಎಣಿಕೆಯಂತ್ರ ಹಿಡಿದರು. ಹೆಪ್ಪು ಕಟ್ಟುವ ಕಡೆ ಈ ಪ್ರೋಟೀನು ಸೇರುವುದರಿಂದ ಎಣಿಕೆ ಏರುತ್ತದೆ. ಶಸ್ತ್ರಕ್ರಿಯೆಯಾದ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಮೂವರ ಕಾಲಿನಲ್ಲಿ, ಊತ ನೋವುಗಳ ಸುಳಿವಿಲ್ಲದೆಯೂ, ಹೆಪ್ಪು ಸಿಕ್ಕಿತು! 1975ರಲ್ಲಿ ಪ್ರಕಟವಾದ ಅವರ ಬಹುರಾಷ್ಟ್ರೀಯ ಪ್ರಯೋಗದಲ್ಲಿ 4,121 ರೋಗಿಗಳಿದ್ದರು. ಅಲ್ಪ ಪ್ರಮಾಣದ ಹೆಪಾರಿನ್ ಚುಚ್ಚುಮದ್ದು ಪಡೆದವರಲ್ಲಿ 2, ಪಡೆಯದವರಲ್ಲಿ 16 ಮಂದಿ ಶ್ವಾಸಕೋಶದ ಹೆಪ್ಪಿನಿಂದ ಸತ್ತಿದ್ದರು. ನಿಮ್ಮ ಬಂಧುಗಳಿಗೆ ಮಂಡಿ ಬದಲಾವಣೆಯ ನಂತರ ದಿನವೂ ಹೊಟ್ಟೆಯ ಚರ್ಮಕ್ಕೆ ಕೊಡುವ ಚುಚ್ಚುಮದ್ದಿನ ಪೂರ್ವಜ ಇದೇ. ಕಾಕರ್ ಲಂಡನ್ನಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ಮುಂದೆ ಬೆಂಗಳೂರಿನಲ್ಲೂ ಕೇಂದ್ರ ತೆರೆಯಿತು. ಅದು ಬೇಕಾಗಿಯೂ ಇತ್ತು, ಏಕೆಂದರೆ ಈ ಕಾಯಿಲೆ ಭಾರತೀಯರಲ್ಲಿ ಅಪರೂಪ ಎಂಬ ನಂಬಿಕೆ ನಮ್ಮ ವೈದ್ಯರಲ್ಲಿ ಬಹುಕಾಲ ಬೇರೂರಿತ್ತು. ಡಾಪ್ಲರ್ ಸ್ಕ್ಯಾನ್ ಬಂದು ಹುಡುಕತೊಡಗಿದ ಮೇಲೆ ಅದು ಸಡಿಲಗೊಂಡಿತು.

ಇಂದು ಕಾಲಿನ ಹೆಪ್ಪು ತೆಗೆಯಲು ಸೀಳುವುದು ಅಪರೂಪ. ಮಂಡಿಯ ಹಿಂಬದಿಯಿಂದ ತೂರಿಸಿದ ಕೊಳವೆಯ ಮೂಲಕ ಕರಗಿಸುವ ಔಷಧಿ ಬಿಡುತ್ತಾರೆ, ಯಂತ್ರದಿಂದ ಹೀರುತ್ತಾರೆ, ಮೇ-ಥರ್ನರ್ ಅಡ್ಡಿಯಿದ್ದರೆ ಸ್ಟೆಂಟ್ ಹಾಕುತ್ತಾರೆ. ಆದರೆ 1968ರ ಪ್ರಶ್ನೆ ಇಲ್ಲೂ ಬೆನ್ನು ಬಿಟ್ಟಿಲ್ಲ. ಅಮೆರಿಕದಲ್ಲಿ 692 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳಲ್ಲಿ ಕಾಲಿನ ದೀರ್ಘಕಾಲೀನ ತೊಂದರೆ ಕೊಳವೆ ಚಿಕಿತ್ಸೆ ಪಡೆದವರಲ್ಲಿ ಶೇ. 47, ಕೇವಲ ಔಷಧಿ ಪಡೆದವರಲ್ಲಿ ಶೇ. 48. ರಕ್ತಸ್ರಾವ ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚು. ಆದ್ದರಿಂದ ಈ ಚಿಕಿತ್ಸೆಯನ್ನು ಈಗ ಕಿಬ್ಬೊಟ್ಟೆಯವರೆಗೆ ಹೆಪ್ಪು ಹಬ್ಬಿ ಕಾಲು ವಿಪರೀತ ಊದಿದವರಿಗೆ, ಕಾಲೇ ಅಪಾಯದಲ್ಲಿರುವವರಿಗೆ ಆರಿಸಿ ಮಾಡುತ್ತಾರೆ.

ಚಿಕಿತ್ಸೆ ಯಾವುದಾದರೂ ಆಗಲಿ, ಆಮೇಲೆ ನಡೆದರೆ ಹೆಪ್ಪು ಅಲುಗಾಡಿ ಎದೆಗೆ ಹೋದೀತೆಂಬ ಹೆದರಿಕೆ ರೋಗಿಗಳಲ್ಲಿ ಸಹಜ. ವಿಯೆನ್ನಾದ ಹ್ಯೂಗೊ ಪಾರ್ಷ್ ಮತ್ತಿತರರು ಔಷಧಿ ಶುರುವಾದ ರೋಗಿಗಳನ್ನು ಬಿಗಿಪಟ್ಟಿ ಕಟ್ಟಿ ನಡೆಸಿದಾಗ ಅಂಥ ಅಪಾಯ ಹೆಚ್ಚಲಿಲ್ಲ, ಊತ ಮತ್ತು ನೋವು ಬೇಗ ಇಳಿದವು. ಬಿಗಿ ಕಾಲುಚೀಲದ ಕಥೆ ಇಷ್ಟು ಸರಳವಲ್ಲ. ಅದನ್ನು ಇಂದಿನ ರೂಪಕ್ಕೆ ತಂದವರು ಕಾನ್ರಾಡ್ ಜೋಬ್ಸ್ಟ್ ಎಂಬ ಎಂಜಿನಿಯರ್. ಸ್ವತಃ ಕಾಲುಹುಣ್ಣಿನಿಂದ ನರಳುತ್ತಿದ್ದ ಅವರಿಗೆ ಈಜುಕೊಳದಲ್ಲಿ ನಿಂತಾಗ ಆರಾಮವೆನಿಸುತ್ತಿತ್ತು. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುತ್ತದೆ. ಹರಡಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಬಿಗಿಯುವ ಚೀಲವನ್ನು ಅವರು 1950ರ ಹೊತ್ತಿಗೆ ರೂಪಿಸಿದರು. 1997ರ ಡಚ್ ಅಧ್ಯಯನವೊಂದರಲ್ಲಿ ಅದು ಮುಂದಿನ ತೊಂದರೆಗಳನ್ನು ಅರ್ಧಕ್ಕಿಳಿಸಿತ್ತು. 2014ರಲ್ಲಿ, ನಿಜವಾದ ಮತ್ತು ಹುಸಿ ಚೀಲಗಳನ್ನು 806 ರೋಗಿಗಳಿಗೆ ಹಂಚಿ ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಊತವಿದ್ದು, ತೊಟ್ಟರೆ ಹಿತವೆನಿಸಿದವರು ತೊಡಲಿ ಎನ್ನುತ್ತಾರೆ ಹಲವು ವೈದ್ಯರು. ನಮ್ಮ ಬೇಸಿಗೆಯಲ್ಲಿ ಅದನ್ನು ದಿನವಿಡೀ ತೊಟ್ಟಿರುವುದು ಸುಲಭವೂ ಅಲ್ಲ.

ಹೆಪ್ಪು ತಡೆಯುವ ಮಾತ್ರೆಯನ್ನಂತೂ ಕಾಲು ಹಗುರಾಯಿತೆಂದು ನೀವೇ ನಿಲ್ಲಿಸುವಂತಿಲ್ಲ. ಶಸ್ತ್ರಕ್ರಿಯೆಯಂಥ ತಾತ್ಕಾಲಿಕ ಕಾರಣದಿಂದ ಬಂದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು. ಕಾರಣವೇ ಕಾಣದೆ ಬಂದದ್ದಾದರೆ ಮತ್ತೆ ಬರುವ ಸಂಭವ ಹೆಚ್ಚಿರುವುದರಿಂದ, ರಕ್ತಸ್ರಾವದ ಅಪಾಯವನ್ನೂ ತೂಗಿ ನೋಡಿ, ವೈದ್ಯರು ಅದನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ.